ಮೊಬೈಲ್ ಫೋನೂ ಮನೆಯ ಬೀಗದ ಕೈಯೂ

(ಮೈಸೂರಿನ ಅಶೋಕಪುರಂನಲ್ಲಿ ಸುತ್ತಲ ಹಳ್ಳಿಗಳ ರೈತರ ಮುಂದೆ ಮಾಡಿದ ಭಾಷಣ)



ಹೊಲಗದ್ದೆಯ ಕೆಲಸವನ್ನೂ ದನಕರುಗಳ ಆರೈಕೆಯನ್ನೂ ಒಂದು ದಿನದ ಮಟ್ಟಿಗೆ ಮನೆಯವರಿಗೆ ಒಪ್ಪಿಸಿ ನೀವು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಕಾಲ ಬೆಲೆಯುಳ್ಳದ್ದು. ಆದುದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ಬೀಜ, ಗೊಬ್ಬರ, ನೀರು, ಕೀಟಬಾಧೆ ಇವುಗಳ ವಿಚಾರವನ್ನು ನೀವು ಬಹಳ ಸಲ ಕೇಳಿದ್ದೀರಿ. ಈ ದಿನ ನಾನು ಹೇಳಬೇಕೆಂದಿರುವುದು ನಿಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನ ವಿಚಾರ. ಇದಕ್ಕೂ ಬೇಸಾಯಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತುಗಳಾಗಿ ಬರುವ 6,000 ರೂಪಾಯಿ, ಬೆಳೆವಿಮೆಯ ಪರಿಹಾರ, ಹಾಲಿನ ಡೇರಿಯ ಬಟವಾಡೆ, ಸ್ತ್ರೀಶಕ್ತಿ ಸಂಘದ ಸಾಲ ಇವೆಲ್ಲವೂ ಈಗ ಬ್ಯಾಂಕಿನ ಖಾತೆಗೆ ಬರುತ್ತವೆ. ಆ ಖಾತೆಗೆ ಕಟ್ಟಿಹಾಕಿರುವುದು ನಿಮ್ಮ ಫೋನಿನ ನಂಬರನ್ನು. ಹಿಂದೆ ಹಣವು ಪೆಟ್ಟಿಗೆಯಲ್ಲಿರುತ್ತಿತ್ತು, ಬೀಗದ ಕೈ ಮನೆಯೊಡತಿಯ ಸೊಂಟದಲ್ಲಿರುತ್ತಿತ್ತು. ಈಗ ಪೆಟ್ಟಿಗೆ ಬ್ಯಾಂಕಿನಲ್ಲಿದೆ, ಬೀಗದ ಕೈ ಫೋನಿನಲ್ಲಿದೆ. ಹಳೆಯ ಬೀಗದ ಕೈಯನ್ನು ಕಾಯುವುದು ನಮಗೆ ಗೊತ್ತಿತ್ತು. ಹೊಸ ಬೀಗದ ಕೈಯನ್ನು ಕಾಯುವುದು ಹೇಗೆಂಬುದನ್ನು ನಾವು ಇನ್ನೂ ಕಲಿಯಬೇಕಾಗಿದೆ.

ಫೋನೂ ಒಂದು ಬಾನುಲಿಯೇ

ನಮ್ಮ ಮೈಸೂರಿಗೂ ಬಾನುಲಿಗೂ ಹಳೆಯ ನಂಟು. 1935ರಲ್ಲಿ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇದೇ ಊರಿನ ತಮ್ಮ ಮನೆಯಲ್ಲಿ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಸಂದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಬಾನುಲಿಯ ಗುಣವೇನು? ಕೇಂದ್ರದಿಂದ ಹೊರಟ ಮಾತು ಗಾಳಿಯಲ್ಲಿ ಎಲ್ಲ ಕಡೆಗೂ ಹರಡುತ್ತದೆ. ಪೆಟ್ಟಿಗೆಯಿದ್ದ ಯಾರು ಬೇಕಾದರೂ ಅದನ್ನು ಕೇಳಬಹುದು. ಕೇಳಲೆಂದೇ ಅದನ್ನು ಕಳುಹಿಸುವುದು.

ಮೊಬೈಲ್ ಫೋನು ಕೂಡ ಒಂದು ಬಾನುಲಿಯೇ. ನೀವು ಆಡಿದ ಮಾತನ್ನು ಅದು ಅಲೆಗಳನ್ನಾಗಿ ಮಾಡಿ ಹತ್ತಿರದ ಟವರಿಗೆ ಕಳುಹಿಸುತ್ತದೆ. ಟವರಿನಿಂದಾಚೆಗೆ ಕಂಪೆನಿಯ ಕೇಂದ್ರಕ್ಕೂ, ಅಲ್ಲಿಂದ ನಿಮ್ಮ ನೆಂಟರ ಊರಿನ ಟವರಿಗೂ ಮಾತು ಹೋಗುತ್ತದೆ. ಫೋನಿಗೂ ಟವರಿಗೂ ನಡುವೆ ತಂತಿಯಿಲ್ಲ, ಬರೀ ಗಾಳಿ. ತಕ್ಕ ಸಲಕರಣೆಯುಳ್ಳವನು ಆ ಅಲೆಗಳನ್ನು ಹಿಡಿಯಬಲ್ಲನು. ಆದುದರಿಂದಲೇ ಮಾತನ್ನು ಬೇರೆಯವರಿಗೆ ಅರ್ಥವಾಗದ ಗೂಢಲಿಪಿಗೆ ತಿರುಗಿಸಿ ಕಳುಹಿಸುವ ಏರ್ಪಾಡನ್ನು ಮಾಡಬೇಕಾಯಿತು.

ಈ ಏರ್ಪಾಡಿನ ಮೂಲ ನಿಮ್ಮ ಸಿಮ್ಮಿನಲ್ಲಿದೆ. ಉಗುರಿನಷ್ಟಿರುವ ಆ ಬಿಲ್ಲೆಯೊಳಗೆ ಒಂದು ಗುಟ್ಟಿನ ಸಂಖ್ಯೆಯಿರುತ್ತದೆ. ಅದರ ಜೋಡಿ ಕಂಪೆನಿಯ ಕೇಂದ್ರದಲ್ಲಿರುತ್ತದೆ. ಫೋನನ್ನು ಹಚ್ಚಿದೊಡನೆ ಕಂಪೆನಿಯು ಒಂದು ಲೆಕ್ಕವನ್ನು ಒಡ್ಡುತ್ತದೆ. ಸಿಮ್ಮು ತನ್ನ ಗುಟ್ಟಿನ ಸಂಖ್ಯೆಯಿಂದ ಅದನ್ನು ಬಿಡಿಸಿ ಉತ್ತರವನ್ನು ಮಾತ್ರ ಕಳುಹಿಸುತ್ತದೆ. ಉತ್ತರ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಗುಟ್ಟಿನ ಸಂಖ್ಯೆ ಗಾಳಿಗೆ ಬರುವುದೇ ಇಲ್ಲ. ಇದು ಬುದ್ಧಿವಂತಿಕೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಂಪೆನಿಗೆ ಗೊತ್ತಾಗುವುದು ಸಿಮ್ಮು ಯಾವುದೆಂಬುದು ಮಾತ್ರ. ಅದನ್ನು ಹಿಡಿದಿರುವವನು ನೀವೋ ಕಳ್ಳನೋ ಎಂಬುದು ಅದಕ್ಕೆ ಗೊತ್ತಾಗದು. ನಾನು ಈ ದಿನ ಹೇಳಬೇಕಾದ ಮುಖ್ಯ ಮಾತು ಇದೇ. ಮುಂದಿನದೆಲ್ಲ ಇದರ ವಿವರಣೆ.

ಬೇಲಿಯಲ್ಲಿರುವ ಕಂಡಿಗಳು

ಎಷ್ಟು ಭದ್ರವಾದ ಬೇಲಿಯಾದರೂ ಎಲ್ಲೋ ಒಂದು ಕಡೆ ಕಂಡಿಯಿರುತ್ತದೆ. ಫೋನಿನ ಜಾಲದಲ್ಲಿಯೂ ಅಂಥ ಮೂರು ಕಂಡಿಗಳಿವೆ.

ಮೊದಲನೆಯದು ಹಳೆಯ ಕಾಲದ ಕಂಡಿ. ನಮ್ಮ ದೇಶದಲ್ಲಿ ಮೊಬೈಲ್ ಫೋನಿನ ಮೊದಲ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಗೂ ದಿಲ್ಲಿಗೂ ನಡುವೆ. ಆ ಕಾಲದ 2ಜಿ ಜಾಲದಲ್ಲಿ ಫೋನು ತಾನು ಯಾರೆಂದು ಟವರಿಗೆ ರುಜುವಾತು ಮಾಡಬೇಕಾಗಿತ್ತು. ಟವರು ತಾನು ಯಾರೆಂದು ಫೋನಿಗೆ ಹೇಳಬೇಕಾಗಿರಲಿಲ್ಲ. ಹೀಗಾಗಿ ಯಾರಾದರೂ ಹುಸಿ ಟವರೊಂದನ್ನು ನಿಲ್ಲಿಸಿದರೆ ಸುತ್ತಲ ಫೋನುಗಳು ಅದನ್ನೇ ನಿಜವೆಂದು ನಂಬಿ ಅದರೊಡನೆ ಸೇರಿಕೊಳ್ಳುತ್ತಿದ್ದವು. ಆ ಕಾಲದ ಗೂಢಲಿಪಿಯೂ ದುರ್ಬಲ. ಅದನ್ನು ಒಡೆಯುವುದು ಕಷ್ಟವಲ್ಲವೆಂದು 2009ರಲ್ಲಿ ಜರ್ಮನಿಯ ಕಾರ್ಸ್ಟೆನ್ ನೋಲ್ ಎಂಬ ತಜ್ಞರು ತೋರಿಸಿಕೊಟ್ಟರು. 3ಜಿ ಬಂದ ಮೇಲೆ ಟವರು ಕೂಡ ರುಜುವಾತು ಕೊಡಬೇಕೆಂಬ ನಿಯಮವಾಯಿತು. 4ಜಿ, 5ಜಿಗಳಲ್ಲಿ ಬೇಲಿ ಇನ್ನೂ ಭದ್ರವಾಗಿದೆ. ಆದರೆ ಹೊಸ ಅಲೆ ಸಿಗದ ಕಡೆ ಅನೇಕ ಫೋನುಗಳು ಸದ್ದಿಲ್ಲದೆ ಹಳೆಯ 2ಜಿಗೆ ಇಳಿಯುತ್ತವೆ. ಹಳೆಯ ಗುಂಡಿ ಫೋನುಗಳಲ್ಲಿ ಬಹಳಷ್ಟಕ್ಕೆ 2ಜಿ ಬಿಟ್ಟರೆ ಬೇರೆ ಗತಿಯೇ ಇಲ್ಲ.

ಎರಡನೆಯದು ಕಂಪೆನಿಗಳ ನಡುವಣ ಕಂಡಿ. ಒಂದು ಕಂಪೆನಿಯ ಕರೆ ಇನ್ನೊಂದರ ಫೋನಿಗೆ ಹೋಗಬೇಕಾದರೆ ಎರಡೂ ಮಾತಾಡಿಕೊಳ್ಳಬೇಕಷ್ಟೆ. ಹಾಗೆ ಮಾತಾಡಿಕೊಳ್ಳಲು ಎಸ್.ಎಸ್. 7 ಎಂಬ ಒಂದು ಕಟ್ಟಳೆಯಿದೆ. ಅದನ್ನು ರೂಪಿಸಿದ್ದು 1970, 1980ರ ದಶಕಗಳಲ್ಲಿ. ಆಗ ಟೆಲಿಫೋನು ಬಹುಪಾಲು ಸರ್ಕಾರಗಳ ಕೈಯಲ್ಲಿತ್ತು; ಎಲ್ಲರೂ ಪರಿಚಿತರು. ಆದುದರಿಂದ ಆ ಕಟ್ಟಳೆಯು ನಂಬಿಕೆಯ ಮೇಲೆ ನಿಂತಿತು. ಊರಿನಲ್ಲಿ ನಾಲ್ಕೇ ಮನೆಗಳಿದ್ದಾಗ ಹಿತ್ತಲ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲವಲ್ಲ, ಹಾಗೆ. ಈಗ ಊರು ಪಟ್ಟಣವಾಗಿದೆ, ಹಿತ್ತಲ ಬಾಗಿಲು ಮಾತ್ರ ಹಾಗೆಯೇ ಇದೆ. ಈ ಬಾಗಿಲಿನಿಂದ ಒಳನುಗ್ಗಿ ಒಬ್ಬನು ಎಲ್ಲಿದ್ದಾನೆಂಬುದನ್ನು ತಿಳಿಯಬಹುದು, ಅವನಿಗೆ ಬರುವ ಮೆಸೇಜನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು ಎಂದು 2014ರ ಡಿಸೆಂಬರಿನಲ್ಲಿ ಜರ್ಮನಿಯಲ್ಲಿ ತಜ್ಞರು ಸಭೆಯ ಮುಂದೆ ತೋರಿಸಿದರು. 2017ರಲ್ಲಿ ಅದೇ ದೇಶದಲ್ಲಿ ಕಳ್ಳರು ಇದೇ ದಾರಿಯಿಂದ ಬ್ಯಾಂಕಿನ ಗುಟ್ಟಿನ ಅಂಕಿಗಳನ್ನು ಹಿಡಿದು ಗ್ರಾಹಕರ ಖಾತೆಗಳಿಂದ ಹಣ ತೆಗೆದರು.

ಮೂರನೆಯದು ನಂಬರಿನ ಕಂಡಿ. ಫೋನಿನ ಮೇಲೆ ಕಾಣುವ ನಂಬರು ಕರೆಯುವವನ ನಿಜವಾದ ನಂಬರೇ ಎಂಬ ಭರವಸೆಯಿಲ್ಲ. ಹೊರದೇಶದಲ್ಲಿ ಕುಳಿತು ನಮ್ಮ ದೇಶದ ನಂಬರನ್ನು ತೋರಿಸುವ ಕಳ್ಳಕರೆಗಳನ್ನು ತಡೆಯಲು ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ ಒಂದು ಏರ್ಪಾಡನ್ನು ಆರಂಭಿಸಿತು. ಮೊದಲ 24 ಗಂಟೆಗಳಲ್ಲಿ ಅದು ತಡೆದ ಕರೆಗಳು ಸುಮಾರು 1 ಕೋಟಿ 35 ಲಕ್ಷ. ಒಂದು ದಿನಕ್ಕೆ ಇಷ್ಟಾದರೆ ಅದಕ್ಕೆ ಮೊದಲು ಎಷ್ಟು ಕರೆಗಳು ನಮ್ಮ ಕಿವಿಗೆ ಬಿದ್ದಿರಬಹುದು, ನೀವೇ ಯೋಚಿಸಿ.

ಕಳ್ಳನಿಗೆ ಬೇಕಾದ ಸುಲಭ ದಾರಿ

ಇಷ್ಟನ್ನು ಕೇಳಿ ನೀವು ಹೆದರಬೇಕಾಗಿಲ್ಲ. ಹುಸಿ ಟವರು ನಿಲ್ಲಿಸುವುದಕ್ಕೂ ಕಂಪೆನಿಯ ಹಿತ್ತಲಿಗೆ ನುಗ್ಗುವುದಕ್ಕೂ ಹಣ ಬೇಕು, ವಿದ್ಯೆ ಬೇಕು. ನಮ್ಮ ಹಳ್ಳಿಗಳಿಗೆ ಬರುವ ಕಳ್ಳನಿಗೆ ಅಷ್ಟು ಶ್ರಮ ಬೇಕಿಲ್ಲ. ಅವನು ಬೀಗವನ್ನು ಮುರಿಯುವುದಿಲ್ಲ. ಬೀಗದ ಕೈಯನ್ನು ನಿಮ್ಮಿಂದಲೇ ಕೇಳಿ ಪಡೆಯುತ್ತಾನೆ. ಹೇಗೆಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಮಧ್ಯಾಹ್ನದ ಹೊತ್ತು, ರೈತನೊಬ್ಬನು ಬಾಳೆತೋಟದಲ್ಲಿದ್ದಾನೆ ಎಂದುಕೊಳ್ಳಿ. ಫೋನು ಬರುತ್ತದೆ.

“ಯಜಮಾನರೇ, ಕೃಷಿ ಇಲಾಖೆಯಿಂದ ಮಾತಾಡ್ತಿದ್ದೇನೆ. ನಿಮ್ಮ ಕಿಸಾನ್ ಕಂತು ನಿಂತುಹೋಗಿದೆಯಲ್ಲ?”

“ಹೌದು ಸ್ವಾಮಿ, ಹೋದ ಸಲದ್ದು ಬರಲಿಲ್ಲ.”

“ನೀವು ಇ-ಕೆವೈಸಿ ಮಾಡಿಸಿಲ್ಲ, ಅದಕ್ಕೇ. ಈಗಲೇ ಸರಿ ಮಾಡಿಕೊಡ್ತೇನೆ. ನಿಮ್ಮ ಫೋನಿಗೆ ಆರು ಅಂಕಿಯ ಮೆಸೇಜ್ ಬಂದಿದೆ ನೋಡಿ. ಅದನ್ನು ಓದಿ ಹೇಳಿ.”

“ನನಗೆ ಓದೋಕೆ ಬರಲ್ಲ ಸ್ವಾಮಿ. ಮಗ ಸ್ಕೂಲಿಂದ ಬರಲಿ.”

“ಅಷ್ಟು ಹೊತ್ತು ಆಗಲ್ಲ ಯಜಮಾನರೇ. ಇವತ್ತು ಸಾಯಂಕಾಲಕ್ಕೆ ಲಿಸ್ಟ್ ಮುಚ್ಚಿಹೋಗುತ್ತೆ. ಅಲ್ಲಿ ಯಾರಾದರೂ ಇದ್ದರೆ ಕೊಡಿ.”

ಕಂತು ನಿಂತಿರುವುದು ನಿಜ. ಆತುರವಿರುವುದೂ ನಿಜ. ಪಕ್ಕದ ತೋಟದ ಹುಡುಗನನ್ನು ಕರೆದು ಅಂಕಿಗಳನ್ನು ಓದಿಸುತ್ತಾನೆ. ಬಾಳೆಗೊನೆ ಮಾರಿ ಬಂದ ಹಣ, ಮಗಳ ಮದುವೆಗೆಂದು ಕೂಡಿಟ್ಟದ್ದು, ಸಂಜೆಯೊಳಗೆ ಖಾತೆಯಿಂದ ಹೋಗಿರುತ್ತದೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ಜಾಲವು ಆ ಆರು ಅಂಕಿಗಳನ್ನು ಸರಿಯಾದ ಫೋನಿಗೇ ತಲುಪಿಸಿತು. ಅವನ್ನು ಕಳ್ಳನಿಗೆ ತಲುಪಿಸಿದ್ದು ಗಡಿಬಿಡಿ.

ಕಳ್ಳನಿಗೆ ಇನ್ನೂ ಹಲವು ವೇಷಗಳಿವೆ. ಯೋಜನೆಯ ಹೆಸರಿನಲ್ಲಿ ವಾಟ್ಸಾಪಿಗೆ ಒಂದು ಆಪ್ ಕಳುಹಿಸುತ್ತಾನೆ. ಅದರ ಹೆಸರಿನ ಕೊನೆಯಲ್ಲಿ ಎ.ಪಿ.ಕೆ. ಎಂದಿರುತ್ತದೆ. ಅದನ್ನು ಒತ್ತಿ ಹಾಕಿಕೊಂಡರೆ ನಿಮಗೆ ಬರುವ ಮೆಸೇಜುಗಳನ್ನು ಅದು ತಾನೇ ಓದಿ ಅವನಿಗೆ ಒಪ್ಪಿಸುತ್ತದೆ. ಕೆಲವರು “ನಕ್ಷತ್ರ 401 ನಕ್ಷತ್ರ ಒತ್ತಿ, ಮುಂದೆ ಈ ನಂಬರು ಹಾಕಿ” ಎನ್ನುತ್ತಾರೆ. ಹಾಗೆ ಮಾಡಿದರೆ ನಿಮಗೆ ಬರಬೇಕಾದ ಕರೆಗಳು ಅವರಿಗೆ ಹೋಗುತ್ತವೆ. ಈ ಮೋಸ ಹೆಚ್ಚಾದುದರಿಂದ 2024ರ ಏಪ್ರಿಲ್ 15ರಿಂದ ಇಂಥ ಸೌಕರ್ಯವನ್ನು ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆಯು ಕಂಪೆನಿಗಳಿಗೆ ಆಜ್ಞೆ ಮಾಡಿತು. ಇನ್ನು ಕೆಲವರು ಪೊಲೀಸರ ಉಡುಪಿನಲ್ಲಿ ವೀಡಿಯೋದಲ್ಲಿ ಕಾಣಿಸಿಕೊಂಡು “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ” ಎಂದು ಬೆದರಿಸುತ್ತಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಯವರೇ ಬಾನುಲಿಯಲ್ಲಿ ಈ ಮೋಸದ ಬಗ್ಗೆ ಜನರನ್ನು ಎಚ್ಚರಿಸಿದರು. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ.

ಮತ್ತೊಂದು ವೇಷ ಸಿಮ್ ಬದಲಾವಣೆ. ನಿಮ್ಮ ಆಧಾರ್ ನಕಲನ್ನೋ ಹೆಬ್ಬೆಟ್ಟನ್ನೋ ಹೇಗೋ ಸಂಪಾದಿಸಿ, “ಸಿಮ್ಮು ಕಳೆದಿದೆ, ಹೊಸದು ಕೊಡಿ” ಎಂದು ನಿಮ್ಮ ಹೆಸರಿನಲ್ಲಿ ಕೇಳುತ್ತಾನೆ. ಹೊಸದು ಜೀವ ಪಡೆದೊಡನೆ ನಿಮ್ಮ ಕೈಯಲ್ಲಿರುವುದು ಸತ್ತುಹೋಗುತ್ತದೆ. ಇದನ್ನು ತಡೆಯಲು, ಬದಲಿ ಸಿಮ್ಮಿಗೆ ಮೊದಲ 24 ಗಂಟೆ ಮೆಸೇಜು ಬಾರದಂತೆ ಮಾಡಬೇಕೆಂದು 2022ರಲ್ಲಿ ಇಲಾಖೆಯು ಆಜ್ಞೆ ಮಾಡಿತು. ಆ ಒಂದು ದಿನವು ನಿಮಗೆ ಸಿಕ್ಕ ಅವಕಾಶ. ಪಕ್ಕದವರ ಫೋನಿಗೆ ಅಲೆ ಸಿಗುತ್ತಿದ್ದು, ಅದೇ ಕಂಪೆನಿಯ ನಿಮ್ಮ ಫೋನಿಗೆ ಬಹಳ ಹೊತ್ತು ಸಿಗದಿದ್ದರೆ ಮಳೆಗಾಲದ ತೊಂದರೆಯೆಂದು ಸುಮ್ಮನಿರಬೇಡಿ. ಕೂಡಲೇ ಕಂಪೆನಿಯ ಅಂಗಡಿಗೆ ಹೋಗಿ ವಿಚಾರಿಸಿ.

ಗುಟ್ಟು ಎಂಬುದು ಬಡವನಿಗೂ ಹಕ್ಕು

ಇದುವರೆಗೆ ಹಣದ ಮಾತಾಯಿತು. ಹಣಕ್ಕಿಂತ ಹೆಚ್ಚಿನದೊಂದಿದೆ, ಅದು ಮನುಷ್ಯನ ಮಾನ.

ಇಲ್ಲಿಯ ಅಶೋಕಪುರಂ ನಿಲ್ದಾಣದಿಂದ ಹೊರಟ ರೈಲು ಕಡಕೊಳ ದಾಟಿ ನಂಜನಗೂಡು ಸೇರುವಷ್ಟರಲ್ಲಿ ನಿಮ್ಮ ಫೋನು ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಹೋಗುತ್ತದೆ. ಕರೆಯು ನಿಮ್ಮನ್ನು ತಲುಪಬೇಕಾದರೆ ನೀವು ಯಾವ ಟವರಿನ ಕೆಳಗಿದ್ದೀರೆಂಬುದು ಕಂಪೆನಿಗೆ ತಿಳಿದಿರಲೇಬೇಕು. ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಮಾತಾಡಿದಿರೆಂಬುದನ್ನೂ ಅದು ಬರೆದಿಡುತ್ತದೆ. ಇಂಥ ದಾಖಲೆಗಳನ್ನು ಕಡಮೆಯೆಂದರೆ ಎರಡು ವರ್ಷ ಇಟ್ಟಿರಬೇಕೆಂದು 2021ರ ಡಿಸೆಂಬರಿನಲ್ಲಿ ಸರ್ಕಾರವು ನಿಯಮವನ್ನು ತಿದ್ದಿತು. ಕಳ್ಳರನ್ನು ಹಿಡಿಯಲು ಇದು ಬೇಕು, ಅದನ್ನು ಅಲ್ಲಗಳೆಯಲಾಗದು. ಆದರೆ ಅಂಥ ದಾಖಲೆ ಯಾರ ಕೈಗೆ, ಯಾವ ಕಾನೂನಿನಂತೆ ಹೋಗಬೇಕೆಂಬುದನ್ನು ಕೇಳುವ ಅಧಿಕಾರ ಪ್ರಜೆಗಳದು.

ಕದ್ದು ಕೇಳುವ ಪಿಡುಗು ಮೊಬೈಲಿನ ಜೊತೆಗೆ ಹುಟ್ಟಿದ್ದಲ್ಲ. ಟೆಲಿಫೋನ್ ಕದ್ದಾಲಿಕೆಯ ವಿವಾದದಲ್ಲಿ 1988ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟುದನ್ನು ಹಿರಿಯರು ಬಲ್ಲರು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಟೆಲಿಫೋನಿನ ಮಾತನ್ನು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಮಟ್ಟದ ಅಧಿಕಾರಿಯ ಲಿಖಿತ ಆಜ್ಞೆ ಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಕಟ್ಟುಪಾಡು ಮಾಡಿತು.

ಇದಕ್ಕಿಂತ ದೊಡ್ಡ ತೀರ್ಪು ಬರಲು ಕಾರಣರಾದವರು ನಮ್ಮವರೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಸಾರಿದರು. ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿ ಅದು ಸೇರಿದೆಯೆಂದರು. ಮೊಬೈಲ್ ನಂಬರಿಗೆ ಆಧಾರನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ನಿಯಮವನ್ನು 2018ರ ಸೆಪ್ಟೆಂಬರ್ 26ರ ತೀರ್ಪು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ದೊರಕಿಸಿಕೊಟ್ಟ ಹಕ್ಕು ಸಿರಿವಂತರಿಗೆ ಮಾತ್ರ ಸೇರಿದ್ದಲ್ಲ. ಕೂಲಿಮಾಡುವ ತಾಯಿ ತನ್ನ ಮಗಳೊಡನೆ ಆಡುವ ಮಾತಿಗೂ ಅದು ಕಾವಲು.

ಈ ಹಕ್ಕನ್ನು ಮನೆಯೊಳಗೂ ಮನ್ನಿಸಬೇಕು. ಹೆಣ್ಣುಮಕ್ಕಳ ನಂಬರನ್ನು ರೀಚಾರ್ಜ್ ಅಂಗಡಿಯಲ್ಲಿ ಹತ್ತು ಜನರೆದುರಿಗೆ ಗಟ್ಟಿಯಾಗಿ ಹೇಳಿಸಬೇಡಿ. ಚೀಟಿಯಲ್ಲಿ ಬರೆದು ತೋರಿಸಿ, ಆ ಚೀಟಿಯನ್ನು ಹಿಂದಕ್ಕೆ ಪಡೆಯಿರಿ. ಯಾವನೋ ಪೋಕರಿ ಕರೆಮಾಡಿ ಕಾಡಿದರೆ ಹುಡುಗಿಯನ್ನು ಬಯ್ದು ಅವಳ ಫೋನನ್ನು ಕಿತ್ತಿಡುವುದು ನ್ಯಾಯವಲ್ಲ. ತಪ್ಪು ಮಾಡಿದವನು ಅವನು. ದೂರು ಹೋಗಬೇಕಾದುದು ಅವನ ಮೇಲೆ.

ಮಾಡಬೇಕಾದ ಕೆಲಸಗಳು

ಇನ್ನು ಊರಿಗೆ ಹೋಗಿ ಏನು ಮಾಡಬೇಕೆಂಬುದನ್ನು ಒಂದೊಂದಾಗಿ ಹೇಳುತ್ತೇನೆ. ಓದು ಬಲ್ಲವರು ಬರೆದುಕೊಂಡು ಉಳಿದವರಿಗೆ ತಿಳಿಸಿ.

1. ಒ.ಟಿ.ಪಿ. ಎಂಬ ಗುಟ್ಟಿನ ಅಂಕಿಗಳನ್ನು ಫೋನಿನಲ್ಲಿ ಕೇಳಿದ ಯಾರಿಗೂ ಹೇಳತಕ್ಕದ್ದಲ್ಲ. ಬ್ಯಾಂಕಿನವರು ಅದನ್ನು ಎಂದಿಗೂ ಕೇಳುವುದಿಲ್ಲ. ಕೇಳಿದವನು ಬ್ಯಾಂಕಿನವನಲ್ಲವೆಂದೇ ತಿಳಿಯಿರಿ.

2. ಕರೆಮಾಡಿದವನು ಆತುರಪಡಿಸಿದರೆ ಫೋನನ್ನು ಇಟ್ಟುಬಿಡಿ. ನಿಜವಾದ ಕೆಲಸವಾದರೆ ನಾಳೆ ರೈತ ಸಂಪರ್ಕ ಕೇಂದ್ರಕ್ಕೋ ಬ್ಯಾಂಕಿಗೋ ನೀವೇ ಹೋಗಿ ಕೇಳಬಹುದು. ಒಂದು ದಿನ ತಡವಾದರೆ ಬೆಳೆ ಒಣಗದು.

3. ವಾಟ್ಸಾಪಿನಲ್ಲಿ ಬಂದ ಆಪನ್ನು, ಅದು ನೆಂಟರಿಂದಲೇ ಬಂದಿದ್ದರೂ, ಒತ್ತಬೇಡಿ. ಅವರ ಫೋನೇ ಕಳ್ಳನ ವಶವಾಗಿರಬಹುದು.

4. ಸಿಮ್ಮು ಕೊಳ್ಳುವಾಗ ಹೆಬ್ಬೆಟ್ಟನ್ನು ಒಂದೇ ಸಲ ಕೊಡಿ. “ಬರಲಿಲ್ಲ, ಇನ್ನೊಮ್ಮೆ ಒತ್ತಿ” ಎಂದರೆ ಏಕೆಂದು ಕೇಳಿ, ಯಂತ್ರದಲ್ಲಿ ಏನು ಬಂದಿದೆಯೆಂದು ಬಲ್ಲವರಿಂದ ಓದಿಸಿ. ಎರಡನೆಯ ಗುರುತಿನಿಂದ ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ಮು ಹುಟ್ಟಬಹುದು.

5. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂಬುದನ್ನು ನೋಡಿಕೊಳ್ಳಿ. ಕೇಂದ್ರ ಸರ್ಕಾರವು 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ಎಂಬ ಜಾಲತಾಣದಲ್ಲಿ ಇದು ತಿಳಿಯುತ್ತದೆ. ನಿಮ್ಮದಲ್ಲದ ನಂಬರು ಕಂಡರೆ ಅಲ್ಲಿಯೇ ತಿಳಿಸಬಹುದು. ಮೋಸದಿಂದ ಅಥವಾ ಇನ್ನೊಬ್ಬರ ಹೆಸರಿನಲ್ಲಿ ಸಿಮ್ಮು ಪಡೆಯುವವರಿಗೆ 2023ರ ದೂರಸಂಪರ್ಕ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಆದುದರಿಂದ ನಿಮ್ಮ ಹೆಸರಿನ ಸಿಮ್ಮನ್ನು ದಾಕ್ಷಿಣ್ಯಕ್ಕಾಗಿ ಯಾರಿಗೂ ಕೊಡಬೇಡಿ.

6. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಸಂಖ್ಯೆಯೊಂದು ಬರುತ್ತದೆ. ಅದು ಫೋನಿನ ಗುರುತು, ಎತ್ತಿನ ಮೈಮೇಲಿನ ಮುದ್ರೆಯಿದ್ದ ಹಾಗೆ. ಅದನ್ನು ಪಹಣಿಯ ಜೊತೆಯಲ್ಲಿ ಬರೆದಿಡಿ. ಫೋನು ಕಳೆದರೆ ಮೊದಲು ಸಿಮ್ಮನ್ನು ನಿಲ್ಲಿಸಿ, ಪೊಲೀಸರಿಗೆ ದೂರು ಕೊಟ್ಟು, ಸಂಚಾರ್ ಸಾಥಿಯಲ್ಲಿ ಈ ಸಂಖ್ಯೆಯಿಂದ ಫೋನನ್ನೇ ಕಟ್ಟಿಹಾಕಬಹುದು.

7. ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲಿಯೇ 1930ಕ್ಕೆ ಫೋನು ಮಾಡಿ. ಹಗಲು ರಾತ್ರಿ ನೋಡಬೇಡಿ. ಕಳ್ಳನು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾನೆ. ಅವನು ಅದನ್ನು ತೆಗೆದುಕೊಳ್ಳುವ ಮೊದಲು ಸುದ್ದಿ ಮುಟ್ಟಿದರೆ ಅದನ್ನು ನಡುದಾರಿಯಲ್ಲಿ ತಡೆಯಲು ಸಾಧ್ಯ. ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ ರಸೀತಿ ಪಡೆಯಿರಿ.

ಇವುಗಳಲ್ಲಿ ಏಳನೆಯದೇ ಬಹಳ ಕಷ್ಟ. ನಂಬರು ಒತ್ತುವುದು ಕಷ್ಟವಲ್ಲ. ನಾಚಿಕೆ ಬಿಡುವುದು ಕಷ್ಟ. ಮೋಸಹೋದವನು ಊರಿನಲ್ಲಿ ನಗೆಪಾಟಲಾದೇನೆಂದು ಮೂರು ದಿನ ಬಾಯಿ ಬಿಡುವುದಿಲ್ಲ. ಆ ಮೂರು ದಿನಗಳೇ ಕಳ್ಳನ ಸುಗ್ಗಿ. ಓದಿದವರೂ ಅಧಿಕಾರಿಗಳೂ ಈ ಬಲೆಗೆ ಬಿದ್ದಿದ್ದಾರೆ. ಆದುದರಿಂದ ನಿಮ್ಮ ನೆರೆಯವನು ಮೋಸಹೋದನೆಂದು ತಿಳಿದರೆ “ನಿನಗೆ ಬುದ್ಧಿಯಿರಲಿಲ್ಲವೇ” ಎನ್ನಬೇಡಿ. “ಬಾ, 1930ಕ್ಕೆ ಫೋನು ಮಾಡೋಣ” ಎನ್ನಿ. ಬಣವೆಗೆ ಬೆಂಕಿ ಬಿದ್ದಾಗ ಯಾರ ಬೀಡಿಯಿಂದ ಬಿತ್ತೆಂದು ಮೊದಲು ಕೇಳುವುದಿಲ್ಲ, ಕೊಡ ಹಿಡಿದು ಓಡುತ್ತೇವೆ. ಇದೂ ಹಾಗೆಯೇ.

ಪ್ರತಿಯೊಂದು ಗ್ರಾಮದಲ್ಲಿಯೂ ಓದು ಬಲ್ಲ ನಂಬಿಕಸ್ಥ ಯುವಕ ಯುವತಿಯರು ಇಬ್ಬರನ್ನು ಪಂಚಾಯಿತಿಯವರು ಗೊತ್ತುಮಾಡಲಿ. ಅನುಮಾನದ ಕರೆ ಬಂದರೆ ಹಣ ಕೊಡುವ ಮೊದಲು ಅವರನ್ನು ಕೇಳುವುದೆಂದು ಊರಿನವರೆಲ್ಲ ಒಪ್ಪಿಕೊಳ್ಳಲಿ. ಶಾಲೆಯ ಗೋಡೆಯ ಮೇಲೆ 1930 ಎಂದು ದೊಡ್ಡದಾಗಿ ಬರೆಸಿರಿ. ಇದಕ್ಕೆ ಬೇಕಾಗುವ ಖರ್ಚು ಒಂದು ಡಬ್ಬಿ ಬಣ್ಣ. ಟವರುಗಳ ಕಂಡಿಯನ್ನು ಮುಚ್ಚುವುದು ಕಂಪೆನಿಯ ಕೆಲಸ, ಸರ್ಕಾರದ ಕೆಲಸ. ಅದನ್ನು ಅವರಿಂದ ಕೇಳಿ ಮಾಡಿಸೋಣ. ಆದರೆ ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕುವುದು ನಮ್ಮ ಕೆಲಸ. ಅದನ್ನು ಈ ದಿನ ಸಂಜೆಯೇ ಮಾಡಬಹುದು.